ಎಡವಿದ್ದು ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆ: ಆರ್ ಕರೆಯುವ ಸಿ ಕೋಡ್‌ನಲ್ಲಿ ದೋಷ ಹುಡುಕುವ ಬಗೆ

ಮೂರು ಗಂಟೆಯಿಂದ ಓಡುತ್ತಿದ್ದ ಲೆಕ್ಕಾಚಾರ ಇನ್ನೇನು ಮುಗಿಯಬೇಕು ಅನ್ನುವಷ್ಟರಲ್ಲಿ, ಅಂಕಿಅಂಶಗಳ ಪ್ರೋಗ್ರಾಮಿಂಗ್ ಭಾಷೆಯಾದ ಆರ್ ತಾನೇ ಮುಚ್ಚಿಕೊಂಡುಬಿಡುತ್ತದೆ. ಯಾವ ಸಾಲಿನಲ್ಲಿ ತಪ್ಪಾಯಿತು ಎಂಬ ಸೂಚನೆ ಇಲ್ಲ, ಯಾವ ಚರದ ಹೆಸರೂ ಇಲ್ಲ. ಪರದೆಯ ಮೇಲೆ ಉಳಿಯುವುದು 'ಸೆಗ್‌ಫಾಲ್ಟ್' ಎಂಬ ಒಂದು ಪದ, ಅದರ ಕೆಳಗೆ ತಲೆಬುಡ ತಿಳಿಯದ ಒಂದು ಉದ್ದನೆಯ ವಿಳಾಸ. ಕೆಲವೊಮ್ಮೆ ಅದೂ ಇರುವುದಿಲ್ಲ. ಅದೇ ಕೋಡನ್ನು ಮತ್ತೆ ಓಡಿಸಿದರೆ ಸಲೀಸಾಗಿ ಮುಗಿಯಬಹುದು, ಮೂರನೆಯ ಸಲ ಮತ್ತೆ ಕುಸಿಯಬಹುದು.

ಅಂಕಿಅಂಶಗಳ ಕೆಲಸಕ್ಕೆ ಆರ್ ಬಳಸುವ ಸಂಶೋಧಕರು, ವಿದ್ಯಾರ್ಥಿಗಳು, ವಿಶ್ಲೇಷಕರು ಒಂದಲ್ಲ ಒಂದು ದಿನ ಈ ಗೋಡೆಗೆ ಬಂದು ಡಿಕ್ಕಿ ಹೊಡೆಯುತ್ತಾರೆ. ಅವರಲ್ಲಿ ಹೆಚ್ಚಿನವರು ಸಿ ಭಾಷೆ ಕಲಿತವರಲ್ಲ. ಕಲಿಯುವ ಅಗತ್ಯವೂ ಅಲ್ಲಿಯವರೆಗೆ ಬಂದಿರುವುದಿಲ್ಲ. ತಮ್ಮ ಕೋಡ್ ಸರಿಯಿದ್ದರೂ ಹೀಗೇಕಾಯಿತು ಎಂದು ತಿಳಿಯದೆ, ಕಂಪ್ಯೂಟರೇ ಕೆಟ್ಟಿದೆ ಎಂದುಕೊಂಡವರನ್ನು ನಾನು ಕಂಡಿದ್ದೇನೆ. ಕೆಟ್ಟಿರುವುದು ಸಾಮಾನ್ಯವಾಗಿ ಕಂಪ್ಯೂಟರ್ ಅಲ್ಲ. ಆರ್‌ನ ಅಂಗಳ ದಾಟಿ ಲೆಕ್ಕ ಇನ್ನೊಂದು ಭಾಷೆಯ ಕೈಗೆ ಹೋಗಿದೆ, ಅಲ್ಲಿನ ನಿಯಮಗಳೇ ಬೇರೆ.

## ಒಂದೇ ಪ್ರೋಗ್ರಾಮ್, ಎರಡು ಭಾಷೆ

ನಾವು ಬರೆಯುವ ಆರ್ ಕೋಡನ್ನು ಓದಿ ಆಗಲೇ ನಡೆಸಿಕೊಡುವ ಪ್ರೋಗ್ರಾಮಿಗೆ ಇಂಟರ್‌ಪ್ರಿಟರ್ ಎನ್ನುತ್ತಾರೆ. ಅದು ಪ್ರತಿ ಅರ್ಜಿಯನ್ನೂ ಪರಿಶೀಲಿಸುವ ಗುಮಾಸ್ತನಂತೆ. ಇದು ಸಂಖ್ಯೆಯೇ, ಅಕ್ಷರವೇ? ಈ ಪಟ್ಟಿಯಲ್ಲಿ ಹತ್ತನೆಯ ಜಾಗ ಇದೆಯೇ? ಹೀಗೆ ಕೇಳಿಕೊಂಡೇ ಮುಂದೆ ಹೋಗುತ್ತದೆ. ತಪ್ಪಿದ್ದರೆ ಅರ್ಜಿಯನ್ನು ಕಾರಣ ಬರೆದು ಹಿಂದಿರುಗಿಸುತ್ತದೆ. ಈ ಎಚ್ಚರಿಕೆಗೆ ಸಮಯ ಹಿಡಿಯುತ್ತದೆ. ಕೋಟಿ ಸಲ ಸುತ್ತುವ ಲೆಕ್ಕಕ್ಕೆ ಈ ವೇಗ ಸಾಲದು.

ಸಿ, ಸಿ ಪ್ಲಸ್ ಪ್ಲಸ್, ಫೋರ್‌ಟ್ರಾನ್ ಭಾಷೆಗಳ ದಾರಿ ಬೇರೆ. ಅವುಗಳ ಕೋಡನ್ನು ಕಂಪೈಲರ್ ಎಂಬ ಪ್ರೋಗ್ರಾಮ್ ಮೊದಲೇ ಪೂರ್ತಿಯಾಗಿ ಯಂತ್ರದ ಆಜ್ಞೆಗಳಾಗಿ ಬದಲಿಸಿಡುತ್ತದೆ. ಓಡುವಾಗ ಯಾರೂ ಪ್ರಶ್ನೆ ಕೇಳುವುದಿಲ್ಲ. 'ಹನ್ನೊಂದನೆಯ ಪೆಟ್ಟಿಗೆಯಲ್ಲಿ ಇದನ್ನು ಇಡು' ಎಂದರೆ, ಹನ್ನೊಂದನೆಯ ಪೆಟ್ಟಿಗೆ ಇದೆಯೋ ಇಲ್ಲವೋ ನೋಡದೆ ಆ ಜಾಗದಲ್ಲಿ ಇಟ್ಟುಬಿಡುತ್ತದೆ. ಅದರ ವೇಗಕ್ಕೂ ಅದರ ಅಪಾಯಕ್ಕೂ ಕಾರಣ ಒಂದೇ.

ಈ ಎರಡರ ಜೋಡಿ ಇಂದಿನದಲ್ಲ. ಆರ್‌ಗೆ ಮೂಲವಾದ ಎಸ್ ಭಾಷೆ 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರ ಕೈಯಲ್ಲಿ ಹುಟ್ಟಿದ್ದೇ, ಅಲ್ಲಿದ್ದ ಫೋರ್‌ಟ್ರಾನ್ ಲೆಕ್ಕದ ಕೋಡನ್ನು ಸುಲಭವಾಗಿ ಬಳಸುವ ಮುಂಬಾಗಿಲಾಗಿ. ಆಮೇಲೆ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಆರ್ ಅನ್ನು ರೂಪಿಸಿದರು. ಅದರ 1.0.0 ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು. ಇಂದಿಗೂ ಆರ್‌ನ ಒಡಲಿನ ಬಹುಭಾಗ ಸಿ ಭಾಷೆಯಲ್ಲಿದೆ, ಮ್ಯಾಟ್ರಿಕ್ಸ್ ಲೆಕ್ಕಗಳು ಫೋರ್‌ಟ್ರಾನ್ ಕೋಡಿನ ಬೆನ್ನೇರಿ ಸಾಗುತ್ತವೆ. ನೀವು ಹಾಕಿಕೊಳ್ಳುವ ಪ್ಯಾಕೇಜುಗಳಲ್ಲಿ, ಅಂದರೆ ಬೇರೆಯವರು ಬರೆದು ಹಂಚಿದ ಸಿದ್ಧ ಕೋಡಿನ ಕಟ್ಟುಗಳಲ್ಲಿ, ಸಾವಿರಾರು ಪ್ಯಾಕೇಜುಗಳು ತಮ್ಮ ಭಾರವಾದ ಕೆಲಸವನ್ನು ಹೀಗೆ ಕಂಪೈಲ್ ಮಾಡಿದ ಕೋಡಿಗೆ ವಹಿಸುತ್ತವೆ. ಆದ್ದರಿಂದ ಒಂದಕ್ಷರ ಸಿ ಬರೆಯದವರೂ ದಿನವೂ ಅದನ್ನು ಓಡಿಸುತ್ತಿರುತ್ತಾರೆ.

## ಗಡಿ ದಾಟುವಾಗ

ಆರ್‌ನಿಂದ ಸಿ ಕೋಡನ್ನು ಕರೆಯಲು ಮುಖ್ಯವಾಗಿ ಎರಡು ಬಾಗಿಲುಗಳಿವೆ. ಹಳೆಯದು 'ಡಾಟ್ ಸಿ'. ಇದು ಆರ್‌ನ ವಸ್ತುವಿನ ಹೊದಿಕೆಯನ್ನೆಲ್ಲ ಕಳಚಿ ಬರಿಯ ಸಂಖ್ಯೆಗಳನ್ನು ಆಚೆ ದಾಟಿಸುತ್ತದೆ. ಇನ್ನೊಂದು 'ಡಾಟ್ ಕಾಲ್'. ಇದು ವಸ್ತುವನ್ನು ಅದರ ಹೊದಿಕೆಯ ಸಮೇತ ಒಪ್ಪಿಸುತ್ತದೆ. ಆ ಹೊದಿಕೆಯ ಮೇಲೆ ಬಗೆ ಯಾವುದು, ಉದ್ದ ಎಷ್ಟು ಎಂಬ ವಿವರಗಳಿರುತ್ತವೆ. ಈಗ ಹೊಸದಾಗಿ ಬರೆಯುವವರು ಹೆಚ್ಚಾಗಿ ಎರಡನೆಯದನ್ನೇ ಬಳಸುತ್ತಾರೆ. ಏಕೆ ಎಂಬುದಕ್ಕೆ ಒಂದು ಚಿಕ್ಕ ಉದಾಹರಣೆ ಸಾಕು.

ಆರ್‌ನಲ್ಲಿ 5 ಎಂದು ಬರೆದರೆ ಅದು ಪೂರ್ಣಾಂಕ ಅಲ್ಲ. ದಶಾಂಶ ಹಿಡಿಸುವ, 8 ಬೈಟ್ ಉದ್ದದ ಸಂಖ್ಯೆ ಅದು. ಪೂರ್ಣಾಂಕವೇ ಬೇಕೆಂದರೆ 5ರ ಬಲಕ್ಕೆ ಎಲ್ ಅಕ್ಷರ ಸೇರಿಸಬೇಕು. ಸಿ ಕಡೆಯ ಕೋಡ್ 4 ಬೈಟ್‌ನ ಪೂರ್ಣಾಂಕ ಬರುತ್ತದೆ ಎಂದು ಕಾದಿದೆ ಎಂದುಕೊಳ್ಳಿ. ಡಾಟ್ ಸಿ ಬಾಗಿಲಿನಲ್ಲಿ ಈ ಹೊಂದಾಣಿಕೆಯನ್ನು ಯಾರೂ ನೋಡುವುದಿಲ್ಲ. ಇಂದಿನ ಸಾಮಾನ್ಯ ಕಂಪ್ಯೂಟರುಗಳಲ್ಲಿ 5 ಎಂಬ ದಶಾಂಶ ಸಂಖ್ಯೆಯ ಮೊದಲ 4 ಬೈಟ್‌ಗಳು ಪೂರ್ತಿ ಸೊನ್ನೆ. ಸಿ ಅಷ್ಟನ್ನೇ ಓದಿ ನಿಮ್ಮ 5 ಅನ್ನು 0 ಎಂದು ತಿಳಿಯುತ್ತದೆ. ಐದು ಸಲ ಸುತ್ತಬೇಕಿದ್ದ ಲೆಕ್ಕ ಒಂದು ಸಲವೂ ಸುತ್ತದೆ ಹಿಂದಿರುಗುತ್ತದೆ. ಕುಸಿತವೂ ಇಲ್ಲ, ಎಚ್ಚರಿಕೆಯೂ ಇಲ್ಲ. ಇದೇ ತಪ್ಪು ಡಾಟ್ ಕಾಲ್ ಬಾಗಿಲಿನಲ್ಲಾದರೆ, ಹೊದಿಕೆಯ ಮೇಲಿನ ಬಗೆಯನ್ನು ನೋಡಿ 'ಇದು ಪೂರ್ಣಾಂಕ ಅಲ್ಲ' ಎಂದು ಆರ್ ಅಲ್ಲೇ ತಡೆಯುತ್ತದೆ.

## ಹದಿನಾರು ಸಂಖ್ಯೆಗಳ ಪೆಟ್ಟಿಗೆ

ಈಗ ಈ ವಿಷಯದ ನಡುಮನೆಗೆ ಬರೋಣ. ಕುಸಿತ ಏಕೆ ಒಮ್ಮೆ ಆಗುತ್ತದೆ, ಇನ್ನೊಮ್ಮೆ ಆಗುವುದಿಲ್ಲ?

ಆರ್ ಎಣಿಸುವುದು 1ರಿಂದ, ಸಿ ಎಣಿಸುವುದು 0ಯಿಂದ. ಹತ್ತು ಸಂಖ್ಯೆಗಳ ಸಾಲಿನಲ್ಲಿ ಸಿ ಪ್ರಕಾರ ಕೊನೆಯ ಜಾಗದ ಕ್ರಮಾಂಕ 9. ಒಬ್ಬರು ಪ್ರತಿ ಸಂಖ್ಯೆಯನ್ನೂ ಎರಡು ಪಟ್ಟು ಮಾಡಿ ಇನ್ನೊಂದು ಸಾಲಿನಲ್ಲಿ ಬರೆಯುವ ಸಣ್ಣ ಕೋಡ್ ಬರೆದರು. '0ಯಿಂದ ಶುರು ಮಾಡಿ, ಕ್ರಮಾಂಕ 10ಕ್ಕಿಂತ ಕಡಿಮೆ ಇರುವವರೆಗೆ' ಎನ್ನುವ ಬದಲು ಕೈತಪ್ಪಿ 'ಕಡಿಮೆ ಅಥವಾ ಸಮ ಇರುವವರೆಗೆ' ಎಂದರು. ಹತ್ತು ಉತ್ತರಗಳೂ ಸರಿಯಾಗಿ ಬಂದವು. ಅದರ ಜೊತೆಗೆ, ತನ್ನದಲ್ಲದ ಹನ್ನೊಂದನೆಯ ಜಾಗದಲ್ಲಿ ಕೋಡ್ ಒಂದು ಸಂಖ್ಯೆ ಬರೆದು ಬಂತು. ಉತ್ತರ ಸರಿಯಿದೆ, ಆದ್ದರಿಂದ ಕೋಡ್ ಸರಿಯಿದೆ ಎಂದು ಎಲ್ಲರೂ ತಿಳಿದರು.

ಆ ಹನ್ನೊಂದನೆಯ ಜಾಗದಲ್ಲಿ ಏನಿತ್ತು? 64 ಬಿಟ್ ಆರ್‌ನಲ್ಲಿ ಹತ್ತು ದಶಾಂಶ ಸಂಖ್ಯೆಗಳಿಗೆ ಬೇಕಾದದ್ದು 80 ಬೈಟ್. ಆದರೆ ಚಿಕ್ಕ ಸಾಲುಗಳಿಗೆ ಆರ್ ಅಳೆದು ಅಳೆದು ಜಾಗ ಕೊಡುವುದಿಲ್ಲ. 8, 16, 32, 48, 64, 128 ಬೈಟ್ ಎಂಬ ಸಿದ್ಧ ಅಳತೆಯ ಪೆಟ್ಟಿಗೆಗಳನ್ನು ಇಟ್ಟುಕೊಂಡಿರುತ್ತದೆ. 80ಕ್ಕೆ ಹೊಂದುವ ಪೆಟ್ಟಿಗೆ 128ರದು. ಅಂದರೆ ಕೊನೆಯಲ್ಲಿ 48 ಬೈಟ್ ಖಾಲಿ ಉಳಿದಿದೆ. ತಪ್ಪಿ ಬರೆದ ಹನ್ನೊಂದನೆಯ ಸಂಖ್ಯೆ ಆ ಖಾಲಿ ಜಾಗದಲ್ಲಿ ಕುಳಿತಿತು, ಯಾರಿಗೂ ತೊಂದರೆಯಾಗಲಿಲ್ಲ. ನಂಬದಿದ್ದರೆ ಹತ್ತು ಸೊನ್ನೆಗಳ ಸಾಲನ್ನು ಮಾಡಿ ಅದರ ಗಾತ್ರವನ್ನು ಆರ್‌ನಲ್ಲೇ ಕೇಳಿ ನೋಡಿ. 176 ಬೈಟ್ ಎನ್ನುತ್ತದೆ: ಹೊದಿಕೆಗೆ 48, ಪೆಟ್ಟಿಗೆಗೆ 128. ಹದಿನಾರು ಸೊನ್ನೆಗಳ ಸಾಲಿಗೂ ಅದೇ 176.

ಆ ಹದಿನಾರರಲ್ಲೇ ಅಪಾಯ ಅಡಗಿದೆ. ಹದಿನಾರು ಸಂಖ್ಯೆಗಳು ಸರಿಯಾಗಿ 128 ಬೈಟ್, ಪೆಟ್ಟಿಗೆ ಅಂಚಿನವರೆಗೆ ಭರ್ತಿ. ಅದೇ ಕೋಡನ್ನು ಹದಿನಾರು ಸಂಖ್ಯೆಗಳ ಮೇಲೆ ಓಡಿಸಿದರೆ ಹದಿನೇಳನೆಯ ಸಂಖ್ಯೆ ಪಕ್ಕದ ಪೆಟ್ಟಿಗೆಯ ಹೊದಿಕೆಯ ಮೇಲೆ ಹೋಗಿ ಬೀಳುತ್ತದೆ. ಆ ಪಕ್ಕದ ಪೆಟ್ಟಿಗೆ ಯಾವುದೋ ಬೇರೆ ಚರದ್ದು, ಬಹುಶಃ ಬೇರೆ ಪ್ಯಾಕೇಜಿನದು. 'ಇದು ಸಂಖ್ಯೆಗಳ ಸಾಲು' ಎಂದು ಬರೆದಿದ್ದ ಅದರ ಗುರುತು ಅಳಿಸಿಹೋಯಿತು. ಆದರೂ ಆ ಕ್ಷಣಕ್ಕೆ ಏನೂ ಆಗುವುದಿಲ್ಲ. ಕೋಡ್ ಮುಗಿಯುತ್ತದೆ, ಉತ್ತರ ಸರಿಯಾಗಿ ಬರುತ್ತದೆ. ಎಷ್ಟೋ ಹೊತ್ತಿನ ಮೇಲೆ ಯಾರೋ ಆ ಪಕ್ಕದ ಪೆಟ್ಟಿಗೆಯನ್ನು ಮುಟ್ಟಿದಾಗ ಇಡೀ ಆರ್ ಕುಸಿಯುತ್ತದೆ.

ಆಗ ಪರದೆಯ ಮೇಲೆ ಕಾಣುವುದು ಯಾವ ಕೆಲಸದ ಹೆಸರು? ತಪ್ಪು ಮಾಡಿದ ಕೋಡಿನದಲ್ಲ, ಆ ಹೊತ್ತಿಗೆ ಓಡುತ್ತಿದ್ದ ನಿರಪರಾಧಿ ಕೋಡಿನದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಇಂಥ ದೋಷ ಹುಡುಕಲು ಇರುವ ಉಪಕರಣಗಳೆಲ್ಲ ಮಾಡುವುದು ಒಂದೇ ಕೆಲಸ: ಎಡವಿದ ಜಾಗದಲ್ಲೇ ಬೀಳುವಂತೆ ಮಾಡುವುದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸರಳ.

## ಗುಡಿಸುವವರು ಮತ್ತು ಹೆಸರಿನ ಚೀಟಿ

ಆರ್‌ನಲ್ಲಿ ಕೆಲಸ ಮಾಡುವಾಗ ನಾವು ಮೆಮೊರಿಯನ್ನು ಕೇಳಿ ಪಡೆಯುವುದೂ ಇಲ್ಲ, ಹಿಂದಿರುಗಿಸುವುದೂ ಇಲ್ಲ. ಬೇಡವಾದ ವಸ್ತುಗಳನ್ನು ಗುಡಿಸಿ ಜಾಗ ತೆರವು ಮಾಡುವ ವ್ಯವಸ್ಥೆ ಆರ್‌ನೊಳಗೇ ಇದೆ. ಇದಕ್ಕೆ ಗಾರ್ಬೇಜ್ ಕಲೆಕ್ಟರ್ ಎಂದು ಹೆಸರು. ಯಾವ ವಸ್ತುವಿಗೆ ಯಾರೂ ವಾರಸುದಾರರಿಲ್ಲವೋ ಅದನ್ನು ಕಸ ಎಂದು ಅದು ತೀರ್ಮಾನಿಸುತ್ತದೆ. ಹೊಸ ವಸ್ತುವಿಗೆ ಜಾಗ ಕೇಳಿದ ಯಾವ ಕ್ಷಣದಲ್ಲಾದರೂ ಗುಡಿಸುವುದು ಶುರುವಾಗಬಹುದು.

ಸಿ ಕೋಡಿನೊಳಗೆ ಹುಟ್ಟಿದ ವಸ್ತುವಿಗೆ ಆರ್‌ನ ಕಡೆ ಇನ್ನೂ ಹೆಸರಿಲ್ಲ. ಅದು ಬಳಕೆಯಲ್ಲಿದೆ ಎಂದು ಗುಡಿಸುವವರಿಗೆ ಗೊತ್ತಾಗುವ ದಾರಿಯೇ ಇಲ್ಲ. ಹಾಗಾಗಿ ಸಿ ಕೋಡ್ ಬರೆಯುವವರು ಆ ವಸ್ತುವಿನ ಮೇಲೆ 'ಇದು ನನ್ನದು, ಮುಟ್ಟಬೇಡಿ' ಎಂಬ ಚೀಟಿ ಅಂಟಿಸಬೇಕು. ಆ ಚೀಟಿಗೆ 'ಪ್ರೊಟೆಕ್ಟ್' ಎಂದು ಹೆಸರು. ಕೆಲಸ ಮುಗಿದ ಮೇಲೆ 'ಅನ್‌ಪ್ರೊಟೆಕ್ಟ್' ಎಂದು ಅಂಟಿಸಿದಷ್ಟೇ ಚೀಟಿಗಳನ್ನು ಕಿತ್ತುಹಾಕಬೇಕು.

ಸಂಖ್ಯೆಗಳ ಎರಡು ಹೊಸ ಸಾಲುಗಳನ್ನು ಮಾಡುವ ಕೋಡನ್ನು ಊಹಿಸಿಕೊಳ್ಳಿ. ಮೊದಲನೆಯದಕ್ಕೆ ಚೀಟಿ ಅಂಟಿಸಲು ಮರೆತುಹೋಗಿದೆ. ಎರಡನೆಯದಕ್ಕೆ ಜಾಗ ಕೇಳಿದಾಗ ಮೆಮೊರಿ ಧಾರಾಳವಾಗಿದ್ದರೆ ಗುಡಿಸುವವರು ಬರುವುದಿಲ್ಲ, ಎಲ್ಲವೂ ಸುಸೂತ್ರ. ಸಾವಿರ ಸಲ ಹೀಗೇ ನಡೆಯಬಹುದು. ಸಾವಿರದ ಒಂದನೆಯ ಸಲ ಅದೇ ಕ್ಷಣದಲ್ಲಿ ಗುಡಿಸುವ ಕೆಲಸ ಶುರುವಾಗಿ, ಮೊದಲನೆಯ ಸಾಲು ಕಸದ ಪಾಲಾಗುತ್ತದೆ. ಆ ಜಾಗ ಬೇರೆಯವರಿಗೆ ಹಂಚಿಕೆಯಾಗುತ್ತದೆ. ಕೋಡ್ ಮಾತ್ರ ಅದು ಇನ್ನೂ ತನ್ನದೇ ಎಂದುಕೊಂಡು ಅಲ್ಲಿ ಬರೆಯುತ್ತಾ ಹೋಗುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಆಗುವ ಕುಸಿತ ಸಹೋದ್ಯೋಗಿಯ ಕಂಪ್ಯೂಟರಿನಲ್ಲಿ ಆಗದಿರುವುದಕ್ಕೆ ಬಹಳ ಸಲ ಇದೇ ಕಾರಣ.

ಚೀಟಿ ಕೀಳುವುದನ್ನು ಮರೆತರೆ ಅಷ್ಟು ಕೆಡುಕಿಲ್ಲ. ಕರೆ ಮುಗಿದು ಬರುವಾಗ ಆರ್ ಎಣಿಸಿ ನೋಡಿ, 'ಸ್ಟಾಕ್ ಇಂಬ್ಯಾಲೆನ್ಸ್' ಎಂಬ ಎಚ್ಚರಿಕೆಯನ್ನು ಎರಡು ಸಂಖ್ಯೆಗಳ ಸಮೇತ ಕೊಡುತ್ತದೆ. ಮೊದಲನೆಯದು ಹೋಗುವಾಗ ಇದ್ದ ಚೀಟಿಗಳ ಲೆಕ್ಕ, ಎರಡನೆಯದು ಬರುವಾಗಿನದು. ಈ ಎಚ್ಚರಿಕೆಯನ್ನು ಕಂಡೂ ಕಾಣದಂತೆ ದಾಟಿ ಹೋಗುವವರು ಬಹಳ. ಆದರೆ ದೋಷ ಇಂಥದ್ದು ಎಂದು ಆರ್ ತಾನಾಗಿ ಬಾಯಿಬಿಟ್ಟು ಹೇಳುವ ಅಪರೂಪದ ಸಂದರ್ಭ ಇದು, ದಯವಿಟ್ಟು ಬಿಡಬೇಡಿ.

## ಕುಸಿಯದೆ ಕೆಡಿಸುವ ತಪ್ಪುಗಳು

ಕುಸಿತ ಕಣ್ಣಿಗೆ ಕಾಣುತ್ತದೆ. ಕಾಣದೆ ಉತ್ತರವನ್ನು ಕೆಡಿಸುವ ತಪ್ಪುಗಳ ಬಗ್ಗೆ ನನಗೆ ಹೆಚ್ಚು ಆತಂಕ.

ಆರ್‌ನಲ್ಲಿ ಸಂಖ್ಯೆಗಳ ಒಂದು ಸಾಲಿಗೆ ಇನ್ನೊಂದು ಹೆಸರು ಕೊಟ್ಟರೆ ತಕ್ಷಣ ನಕಲು ಆಗುವುದಿಲ್ಲ. ಎರಡೂ ಹೆಸರುಗಳು ಒಂದೇ ಜಾಗವನ್ನು ತೋರಿಸುತ್ತಿರುತ್ತವೆ. ಒಂದನ್ನು ಬದಲಿಸಲು ಹೊರಟಾಗ ಮಾತ್ರ ಆರ್ ಬೇರೆ ಪ್ರತಿ ಮಾಡುತ್ತದೆ. ಡಾಟ್ ಕಾಲ್ ಮೂಲಕ ಬಂದ ಸಾಲನ್ನು ಸಿ ಕೋಡ್ ಇದ್ದ ಜಾಗದಲ್ಲೇ ತಿದ್ದಿದರೆ ಆ ರಕ್ಷಣೆ ತಪ್ಪಿಹೋಗುತ್ತದೆ. ಮೂಲ ದತ್ತಾಂಶವನ್ನು ಜೋಪಾನವಾಗಿ ಬೇರೆ ಹೆಸರಿನಲ್ಲಿ ಇಟ್ಟುಕೊಂಡಿದ್ದೇನೆ ಎಂದು ನೀವು ನಂಬಿರುತ್ತೀರಿ. ಆ ಮೂಲವೂ ಜೊತೆಯಲ್ಲೇ ತಿದ್ದಿಹೋಗಿರುತ್ತದೆ. ಸಿ ಕಡೆ ತಿದ್ದುವ ಮೊದಲು 'ಡೂಪ್ಲಿಕೇಟ್' ಮಾಡಿಕೊಳ್ಳುವುದೇ ಇದಕ್ಕೆ ಮದ್ದು.

ಇನ್ನೊಂದು, ಬಿಟ್ಟುಹೋದ ಮೌಲ್ಯ. ಪೂರ್ಣಾಂಕಗಳ ಸಾಲಿನಲ್ಲಿ 'ಎನ್‌ಎ' ಎಂದು ಆರ್ ತೋರಿಸುವುದು ಮೆಮೊರಿಯಲ್ಲಿ ನಿಜವಾಗಿ -2147483648 ಎಂಬ ಸಂಖ್ಯೆ. ಆರ್‌ಗೆ ಅದರ ಅರ್ಥ ಗೊತ್ತು, ಸಿ ಭಾಷೆಗೆ ಅದೂ ಒಂದು ಸಂಖ್ಯೆ ಅಷ್ಟೆ. ಪರೀಕ್ಷಿಸದೆ ಕೂಡಿಸಿದರೆ ಮೊತ್ತದಲ್ಲಿ ಇನ್ನೂರು ಕೋಟಿಗೂ ಹೆಚ್ಚಿನ ಏರುಪೇರು.

## ಮೊದಲು ಕುಸಿತವನ್ನು ಕೈಯಳತೆಗೆ ತನ್ನಿ

ಸೆಗ್‌ಫಾಲ್ಟ್ ಎಂದರೆ ತನ್ನದಲ್ಲದ ಮೆಮೊರಿ ವಿಳಾಸಕ್ಕೆ ಪ್ರೋಗ್ರಾಮ್ ಕೈ ಚಾಚಿದ್ದನ್ನು ಕಂಪ್ಯೂಟರಿನ ಕಾರ್ಯಾಚರಣಾ ವ್ಯವಸ್ಥೆ ತಡೆದಿದೆ ಎಂದು ಅರ್ಥ. ಆಜ್ಞೆಗಳನ್ನು ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್‌ನಲ್ಲಿ ಆರ್ ಓಡಿಸುತ್ತಿದ್ದರೆ ಸಂದೇಶದ ಕೆಳಗೆ ಆ ಹೊತ್ತಿಗೆ ನಡೆಯುತ್ತಿದ್ದ ಆರ್ ಕರೆಗಳ ಪಟ್ಟಿ ಬರುತ್ತದೆ, ಮುಂದೇನು ಎಂದು ನಾಲ್ಕು ಆಯ್ಕೆಗಳೂ ಬರುತ್ತವೆ. ಪಟ್ಟಿಯನ್ನು ನಕಲು ಮಾಡಿಟ್ಟುಕೊಳ್ಳಿ. ನಾಲ್ಕನೆಯ ಆಯ್ಕೆ, ಎಲ್ಲವನ್ನೂ ಉಳಿಸಿ ಹೊರಬರುವುದು, ಆಸೆ ಹುಟ್ಟಿಸುತ್ತದೆ. ಆದರೆ ಮೆಮೊರಿ ಕೆಟ್ಟಿರುವಾಗ ಉಳಿಸಿದ ದತ್ತಾಂಶವೂ ಕೆಟ್ಟಿರಬಹುದು, ಅದನ್ನು ಆರಿಸದಿರುವುದೇ ಲೇಸು.

ಆಮೇಲಿನ ಕೆಲಸ ತಾಳ್ಮೆಯದು. ಇಡೀ ವಿಶ್ಲೇಷಣೆಯನ್ನು ಬಿಟ್ಟು, ಕುಸಿತ ತರುವ ಅತಿ ಚಿಕ್ಕ ಕೋಡನ್ನು ಹುಡುಕಬೇಕು. ದತ್ತಾಂಶವನ್ನು ಅರ್ಧ ಮಾಡಿ, ಇನ್ನೂ ಕುಸಿಯುತ್ತದೆಯೇ ನೋಡಿ. ಕುಸಿದರೆ ಮತ್ತೆ ಅರ್ಧ. ಯಾದೃಚ್ಛಿಕ ಸಂಖ್ಯೆಗಳಿದ್ದರೆ ಪ್ರತಿ ಸಲ ಅವೇ ಸಂಖ್ಯೆಗಳು ಬರುವಂತೆ ಅವುಗಳ ಬೀಜಸಂಖ್ಯೆಯನ್ನು (ಸೀಡ್) ಸ್ಥಿರವಾಗಿಡಿ. ಮೂರು ಗಂಟೆಯ ಕುಸಿತವನ್ನು ಮೂರು ಸೆಕೆಂಡಿಗೆ ಇಳಿಸಿದರೆ ಅರ್ಧ ಯುದ್ಧ ಗೆದ್ದಂತೆ, ಏಕೆಂದರೆ ಮುಂದೆ ಹೇಳುವ ಉಪಕರಣಗಳು ಪ್ರೋಗ್ರಾಮನ್ನು ಬಹಳ ನಿಧಾನ ಮಾಡುತ್ತವೆ.

ಹಲವರು ಕೋಡಿನ ನಡುನಡುವೆ 'ಇಲ್ಲಿಗೆ ಬಂದೆ' ಎಂದು ಮುದ್ರಿಸುವ ಸಾಲು ಸೇರಿಸಿ ಹುಡುಕುತ್ತಾರೆ. ಕೆಟ್ಟ ದಾರಿಯಲ್ಲ, ಆದರೆ ಅದರಲ್ಲಿ ಎರಡು ಗುಂಡಿಗಳಿವೆ. ಸಿ ಭಾಷೆಯ ಮುದ್ರಣದ ಆಜ್ಞೆಗೆ ಬದಲು ಆರ್ ಒದಗಿಸುವ 'ಆರ್ ಪ್ರಿಂಟ್‌ಎಫ್' ಬಳಸಬೇಕು, ಇಲ್ಲದಿದ್ದರೆ ಕೆಲವು ಕಡೆ ಬರಹ ಪರದೆಗೆ ಬರುವುದೇ ಇಲ್ಲ. ಎರಡನೆಯದು ಇನ್ನೂ ಮೋಸದ್ದು: ಮುದ್ರಿಸಿದ ಬರಹ ತಾತ್ಕಾಲಿಕ ಸಂಗ್ರಹದಲ್ಲಿ ಕಾದು ಕುಳಿತಿರುವಾಗಲೇ ಪ್ರೋಗ್ರಾಮ್ ಕುಸಿದರೆ ಅದು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಐದನೆಯ ಗುರುತು ದಾಟಿ ಕುಸಿದದ್ದನ್ನು ನೀವು ಮೂರನೆಯದರಲ್ಲಿ ಕುಸಿಯಿತು ಎಂದು ತಿಳಿಯುತ್ತೀರಿ. ಪ್ರತಿ ಮುದ್ರಣದ ಹಿಂದೆಯೇ 'ಆರ್ ಫ್ಲಷ್ ಕನ್ಸೋಲ್' ಎಂಬ ಕರೆ ಸೇರಿಸಿದರೆ ಈ ಗೊಂದಲ ತಪ್ಪುತ್ತದೆ.

## ಡಿಬಗ್ಗರ್ ಕೈಹಿಡಿದು

ಡಿಬಗ್ಗರ್ ಎಂದರೆ ಇನ್ನೊಂದು ಪ್ರೋಗ್ರಾಮನ್ನು ತನ್ನ ಹಿಡಿತದಲ್ಲಿ ಓಡಿಸಿ, ಬೇಕಾದಲ್ಲಿ ನಿಲ್ಲಿಸಿ, ಒಳಗೆ ಇಣುಕಿ ನೋಡಲು ಬಿಡುವ ಸಾಧನ. ಲಿನಕ್ಸ್‌ನಲ್ಲಿ ಜಿಡಿಬಿ ಬಳಕೆಯಲ್ಲಿದೆ, 1986ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಬರೆದದ್ದು. ಮ್ಯಾಕ್ ಕಂಪ್ಯೂಟರುಗಳಲ್ಲಿ ಎಲ್‌ಎಲ್‌ಡಿಬಿ.

ಅದಕ್ಕೆ ಮೊದಲು ಒಂದು ಸಿದ್ಧತೆ ಬೇಕು. ಕಂಪೈಲರ್ ಸಾಮಾನ್ಯವಾಗಿ ವೇಗಕ್ಕಾಗಿ ಕೋಡನ್ನು ಹಿಂದುಮುಂದು ಮಾಡಿ, ಕೆಲವು ಚರಗಳನ್ನು ಅಳಿಸಿಯೇಬಿಡುತ್ತದೆ. ಹಾಗಾಗಿ ಡಿಬಗ್ಗರಿನಲ್ಲಿ ಚರದ ಮೌಲ್ಯ ಕೇಳಿದರೆ 'ಅದನ್ನು ತೆಗೆದುಹಾಕಲಾಗಿದೆ' ಎಂಬ ಉತ್ತರ ಬರುತ್ತದೆ. ಇದನ್ನು ತಪ್ಪಿಸಲು ಎರಡು ಸೂಚನೆಗಳೊಂದಿಗೆ ಪ್ಯಾಕೇಜನ್ನು ಮತ್ತೆ ಕಂಪೈಲ್ ಮಾಡಬೇಕು: ಸಾಲಿನ ಕ್ರಮಾಂಕಗಳನ್ನು ಉಳಿಸುವ 'ಮೈನಸ್ ಜಿ', ವೇಗದ ತಿದ್ದುಪಡಿಗಳನ್ನು ನಿಲ್ಲಿಸುವ 'ಮೈನಸ್ ಓ ಸೊನ್ನೆ'. ನಿಮ್ಮ ಹೋಮ್ ಫೋಲ್ಡರಿನ 'ಡಾಟ್ ಆರ್' ಎಂಬ ಫೋಲ್ಡರಿನಲ್ಲಿ 'ಮೇಕ್‌ವಾರ್ಸ್' ಎಂಬ ಕಡತ ಮಾಡಿ, ಇವೆರಡನ್ನೂ ಅಲ್ಲಿ ಬರೆದಿಟ್ಟರೆ ಮುಂದೆ ಕಂಪೈಲ್ ಆಗುವ ಪ್ಯಾಕೇಜುಗಳಿಗೆಲ್ಲ ಅನ್ವಯವಾಗುತ್ತದೆ. ದೋಷ ಸಿಕ್ಕ ಮೇಲೆ ಅದನ್ನು ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಎಲ್ಲ ಪ್ಯಾಕೇಜುಗಳೂ ಆಮೆಯಾಗುತ್ತವೆ.

ಈಗ ಟರ್ಮಿನಲ್‌ನಲ್ಲಿ ಆರ್ ಅನ್ನು ಕರೆಯುವಾಗ 'ಮೈನಸ್ ಡಿ ಜಿಡಿಬಿ' ಎಂದು ಸೇರಿಸಿ. ಜಿಡಿಬಿ ತೆರೆದುಕೊಂಡಾಗ 'ರನ್' ಎಂದರೆ ಅದರೊಳಗೆ ಮಾಮೂಲಿ ಆರ್ ಶುರುವಾಗುತ್ತದೆ. ಕುಸಿತ ತರುವ ಕೋಡನ್ನು ಓಡಿಸಿ. ಈ ಸಲ ಆರ್ ಮಾಯವಾಗುವುದಿಲ್ಲ, ಕುಸಿದ ಭಂಗಿಯಲ್ಲೇ ಸ್ತಬ್ಧವಾಗಿ ನಿಲ್ಲುತ್ತದೆ. 'ಬಿಟಿ' ಎಂದು ಎರಡಕ್ಷರ ಒತ್ತಿದರೆ ಯಾರು ಯಾರನ್ನು ಕರೆದು ಇಲ್ಲಿಗೆ ಬಂತು ಎಂಬ ಸರಪಳಿ ಬರುತ್ತದೆ. 0 ಕ್ರಮಾಂಕದ್ದು ಕುಸಿದ ಜಾಗ, ಅದರ ಕೆಳಗೆ ಕರೆದವರು, ಅವರ ಕೆಳಗೆ ಅವರನ್ನು ಕರೆದವರು. 'ಡು ಡಾಟ್‌ಕಾಲ್', 'ಆರ್‌ಎಫ್ ಇವಾಲ್' ಎಂಬ ಹೆಸರುಗಳು ಸಾಲುಸಾಲಾಗಿ ಬಂದರೆ ಗಾಬರಿ ಬೇಡ, ಅವು ಆರ್‌ನ ಒಳಗಿನವು. ನಿಮ್ಮ ಕಡತದ ಹೆಸರಿರುವ ಸಾಲನ್ನು ಹುಡುಕಿ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡೋಣ. 4,000 ಸಾಲುಗಳ ಒಂದು ದತ್ತಾಂಶ. ಯಾವ ಯಾವ ಸಾಲುಗಳು ಬೇಕು ಎಂಬ ಕ್ರಮಾಂಕಗಳನ್ನು ಆರ್‌ನಿಂದ ಸಿ ಕೋಡಿಗೆ ಕಳಿಸಲಾಗುತ್ತದೆ. ಕೋಡ್ ಕುಸಿಯುತ್ತದೆ. ಸರಪಳಿಯ 0 ಕ್ರಮಾಂಕದಲ್ಲೇ ನಮ್ಮ ಕಡತ, ನಮ್ಮ ಕೋಡಿನ ಸಾಲು ಕಾಣುತ್ತದೆ. 'ಪ್ರಿಂಟ್' ಎಂದು ಕ್ರಮಾಂಕದ ಚರವನ್ನು ಕೇಳಿದರೆ 4000000 ಎಂಬ ಉತ್ತರ. ನಾಲ್ಕು ಸಾವಿರದ ದತ್ತಾಂಶದಲ್ಲಿ ನಲವತ್ತು ಲಕ್ಷನೆಯ ಸಾಲು ಎಲ್ಲಿಂದ ಬರಬೇಕು? ಆರ್ ಕಡೆ ಹೋಗಿ ನೋಡಿದರೆ, ಸಾಲಿನ ಕ್ರಮಾಂಕ ಕಳಿಸುವ ಬದಲು ವ್ಯಕ್ತಿಗಳ ನೋಂದಣಿ ಸಂಖ್ಯೆಯನ್ನೇ ಕಳಿಸಲಾಗಿದೆ. ಸಿ ಕೋಡ್ ಹೇಳಿದ್ದನ್ನು ಮಾಡಿದೆ. ಬಂದ ಕ್ರಮಾಂಕ ಮಿತಿಯೊಳಗಿದೆಯೇ ಎಂದು ನೋಡುವ ಒಂದು ಸಾಲು ಅಲ್ಲಿ ಇರಬೇಕಿತ್ತು.

ಕುಸಿಯುವ ಮೊದಲೇ ನಿಲ್ಲಿಸಿ ನೋಡಬೇಕಿದ್ದರೆ 'ಬ್ರೇಕ್' ಎಂದು ಬರೆದು ಫಂಕ್ಷನ್ನಿನ ಹೆಸರು ಕೊಡಬೇಕು. ಪ್ಯಾಕೇಜ್ ಇನ್ನೂ ತೆರೆದಿಲ್ಲವಾದರೆ, ಅದು ಬಂದಾಗ ನಿಲ್ಲಿಸಲೇ ಎಂದು ಜಿಡಿಬಿ ಕೇಳುತ್ತದೆ, ಹೌದು ಎನ್ನಿ. ನಿಂತ ಮೇಲೆ 'ನೆಕ್ಸ್ಟ್' ಎಂದರೆ ಒಂದೊಂದೇ ಸಾಲು ಮುಂದೆ. ಆರ್‌ನ ವಸ್ತುವನ್ನು ನೇರವಾಗಿ ಮುದ್ರಿಸಿದರೆ ಬರಿಯ ವಿಳಾಸ ಕಾಣುತ್ತದೆ. ಆಗ 'ಆರ್‌ಎಫ್ ಪ್ರಿಂಟ್‌ವ್ಯಾಲ್ಯೂ' ಎಂಬುದನ್ನು ಜಿಡಿಬಿಯ ಒಳಗಿಂದಲೇ ಕರೆದರೆ ವಸ್ತು ಆರ್‌ನಲ್ಲಿ ಕಾಣುವಂತೆಯೇ ಕಾಣುತ್ತದೆ.

## ಎಡವಿದಲ್ಲೇ ಬೀಳಿಸುವ ಉಪಕರಣಗಳು

ನಲವತ್ತು ಲಕ್ಷದ ಉದಾಹರಣೆಯಲ್ಲಿ ಎಡವಿದಲ್ಲೇ ಬಿದ್ದಿದ್ದರಿಂದ ಜಿಡಿಬಿ ಸಾಕಾಯಿತು. ಹದಿನಾರು ಸಂಖ್ಯೆಗಳ ಉದಾಹರಣೆಯಲ್ಲಿ ಸಾಲದು. ಅಲ್ಲಿ ಸರಪಳಿಯ ಉದ್ದಕ್ಕೂ ಗುಡಿಸುವವರ ಹೆಸರುಗಳೇ ಇರುತ್ತವೆ, ತಪ್ಪಿತಸ್ಥ ಫಂಕ್ಷನ್ ಕೆಲಸ ಮುಗಿಸಿ ಎಷ್ಟೋ ಹೊತ್ತಾಗಿರುತ್ತದೆ.

ಚೀಟಿ ಅಂಟಿಸಲು ಮರೆತ ತಪ್ಪಿಗೆ ಆರ್‌ನಲ್ಲೇ ಮದ್ದಿದೆ: 'ಜಿಸಿ ಟಾರ್ಚರ್'. ಅದನ್ನು ಚಾಲೂ ಮಾಡಿದರೆ ಜಾಗ ಕೇಳಿದ ಪ್ರತಿ ಸಲವೂ ಗುಡಿಸುವವರು ಬಂದೇ ಬರುತ್ತಾರೆ. ಸಾವಿರಕ್ಕೊಮ್ಮೆ ಕಾಣಿಸಿಕೊಳ್ಳುತ್ತಿದ್ದ ದೋಷ ಸಾಮಾನ್ಯವಾಗಿ ಮೊದಲನೆಯ ಸಲವೇ ಸಿಕ್ಕಿಬೀಳುತ್ತದೆ. ಪ್ರತಿ ಸಲ ಬೇಡ, ಇಷ್ಟು ಸಲಕ್ಕೊಮ್ಮೆ ಸಾಕು ಎನ್ನಲು 'ಜಿಸಿ ಟಾರ್ಚರ್ 2' ಇದೆ. ಎರಡೂ ವಿಪರೀತ ನಿಧಾನ. ಹಾಗಾಗಿ ಅನುಮಾನವಿರುವ ಕರೆಯ ಮುಂಚೆ ಹಚ್ಚಿ, ಆದ ಮೇಲೆ ಆರಿಸುವುದು ಜಾಣತನ.

ಎರಡನೆಯದು ವ್ಯಾಲ್‌ಗ್ರಿಂಡ್. ಇದನ್ನೂ ಆರ್ ಕರೆಯುವಾಗ 'ಮೈನಸ್ ಡಿ' ಜೊತೆಗೆ ಕೊಡಬಹುದು. ಪ್ರೋಗ್ರಾಮಿನ ಪ್ರತಿ ಆಜ್ಞೆಯನ್ನೂ ತಾನೇ ನಿರ್ಮಿಸಿದ ಕೃತಕ ಯಂತ್ರದಲ್ಲಿ ನಡೆಸಿ, ಪ್ರತಿ ಓದು, ಪ್ರತಿ ಬರಹವೂ ಸರಿಯಾದ ಜಾಗದ್ದೇ ಎಂದು ಇದು ನೋಡುತ್ತದೆ. ನಮ್ಮ ಎರಡು ಪಟ್ಟು ಮಾಡುವ ಕೋಡನ್ನು 20 ಸಂಖ್ಯೆಗಳ ಮೇಲೆ ಓಡಿಸಿದರೆ ವರದಿಯ ಸಾರ ಹೀಗಿರುತ್ತದೆ: 8 ಬೈಟ್‌ಗಳನ್ನು ಅಕ್ರಮವಾಗಿ ಬರೆಯಲಾಗಿದೆ, ಆ ವಿಳಾಸ 208 ಬೈಟ್‌ನ ಜಾಗ ಮುಗಿದ ಕೂಡಲೇ ಇದೆ. ಇಪ್ಪತ್ತು ಸಂಖ್ಯೆಗಳ 160, ಹೊದಿಕೆಯ 48, ಸೇರಿ 208. ಕಡತದ ಹೆಸರು, ಸಾಲಿನ ಕ್ರಮಾಂಕ ಪಕ್ಕದಲ್ಲೇ ಇರುತ್ತದೆ. ಕುಸಿತ ಆಗದಿದ್ದರೂ ವರದಿ ಬರುತ್ತದೆ ಎಂಬುದೇ ಇದರ ದೊಡ್ಡ ಗುಣ.

20ರ ಬದಲು 10 ಸಂಖ್ಯೆಗಳನ್ನು ಕೊಟ್ಟಿದ್ದರೆ ವ್ಯಾಲ್‌ಗ್ರಿಂಡ್ ಸುಮ್ಮನಿರುತ್ತಿತ್ತು. ಚಿಕ್ಕ ಪೆಟ್ಟಿಗೆಗಳನ್ನು ಆರ್ ತಾನೇ ಒಳಗೊಳಗೆ ಹಂಚುವುದರಿಂದ ಅವುಗಳ ಗಡಿ ಹೊರಗಿನವರಿಗೆ ಕಾಣುವುದಿಲ್ಲ. 128 ಬೈಟ್ ದಾಟಿದ ಸಾಲುಗಳಿಗೆ ಮಾತ್ರ ಆರ್ ಪ್ರತ್ಯೇಕವಾಗಿ ಜಾಗ ಕೇಳುತ್ತದೆ. ಹಾಗಾಗಿ ಹದಿನೇಳು ಅಥವಾ ಹೆಚ್ಚು ದಶಾಂಶ ಸಂಖ್ಯೆಗಳ ಮೇಲೆ ಪರೀಕ್ಷಿಸಿ, ಇಲ್ಲವೇ ವ್ಯಾಲ್‌ಗ್ರಿಂಡ್‌ಗೆ ಒಳಗಿನ ಗಡಿಗಳನ್ನು ತಿಳಿಸುವ ಸೌಲಭ್ಯವಿರುವಂತೆ ಆರ್ ಅನ್ನು ಮೂಲದಿಂದ ಕಟ್ಟಿಕೊಳ್ಳಿ.

ಮೂರನೆಯದು ಅಡ್ರೆಸ್ ಸ್ಯಾನಿಟೈಸರ್. ಇದು ಕಂಪೈಲರಿನ ಒಳಗೇ ಇರುವ ಸೌಲಭ್ಯ. ಕಂಪೈಲ್ ಮಾಡುವಾಗಲೇ ಪ್ರತಿ ಓದು, ಪ್ರತಿ ಬರಹದ ಮುಂದೆ ಒಂದು ತಪಾಸಣೆ ಸೇರಿಸಿ, ಹಂಚಿಕೆಯಾದ ಪ್ರತಿ ಜಾಗದ ಸುತ್ತ ಹಸಿ ಸಿಮೆಂಟಿನಂಥ ನಿಷೇಧಿತ ಪಟ್ಟಿ ಬಿಡುತ್ತದೆ. ಆ ಪಟ್ಟಿಯ ಮೇಲೆ ಕಾಲಿಟ್ಟ ಕ್ಷಣವೇ ಪ್ರೋಗ್ರಾಮ್ ನಿಲ್ಲುತ್ತದೆ. ವ್ಯಾಲ್‌ಗ್ರಿಂಡ್ ಹತ್ತಾರು ಪಟ್ಟು ನಿಧಾನವಾದರೆ ಇದು ಸುಮಾರು ಎರಡು ಪಟ್ಟು ಮಾತ್ರ. ಆದರೆ ಸಿದ್ಧತೆ ಹೆಚ್ಚು: ಪ್ಯಾಕೇಜನ್ನಷ್ಟೇ ಅಲ್ಲ, ಆರ್ ಅನ್ನೂ ಈ ಸೌಲಭ್ಯದೊಂದಿಗೆ ಕಂಪೈಲ್ ಮಾಡಿಕೊಳ್ಳುವುದು ನೇರ ದಾರಿ. ಪ್ಯಾಕೇಜುಗಳ ಮುಖ್ಯ ಭಂಡಾರವಾದ ಕ್ರ್ಯಾನ್ ಕೂಡ ತನ್ನಲ್ಲಿರುವ ಪ್ಯಾಕೇಜುಗಳನ್ನು ಈ ಎರಡೂ ಉಪಕರಣಗಳಿಂದ ಪರೀಕ್ಷಿಸಿ, ದೋಷ ಕಂಡರೆ ಕರ್ತೃಗಳಿಗೆ ತಿಳಿಸುತ್ತದೆ.

## ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದಿದ್ದರೆ

ಹೊಸ ಪ್ಯಾಕೇಜುಗಳಲ್ಲಿ ಬಹಳಷ್ಟು ಆರ್‌ಸಿಪಿಪಿ ಎಂಬ ಸೇತುವೆಯನ್ನು ಬಳಸುತ್ತವೆ. ಅದು ಚೀಟಿ ಅಂಟಿಸುವ, ಕೀಳುವ ಕೆಲಸವನ್ನು ತಾನೇ ನೋಡಿಕೊಳ್ಳುತ್ತದೆ. ಆದರೆ ಗಡಿಯ ಹೊಣೆ ಇನ್ನೂ ಬರೆಯುವವರದೇ. ಚೌಕ ಆವರಣದಲ್ಲಿ ಕ್ರಮಾಂಕ ಕೊಟ್ಟರೆ ಮಿತಿ ಮೀರಿದ್ದಕ್ಕೆ ತಡೆಯಿಲ್ಲ, ದುಂಡು ಆವರಣದಲ್ಲಿ ಕೊಟ್ಟರೆ ತಡೆಯುತ್ತದೆ. ದೋಷ ಹುಡುಕುವಾಗ ಚೌಕಗಳನ್ನೆಲ್ಲ ದುಂಡು ಮಾಡಿ ಒಮ್ಮೆ ಓಡಿಸಿ ನೋಡುವುದು ಅಗ್ಗದ, ಫಲ ಕೊಡುವ ಪರೀಕ್ಷೆ.

ಹಲವು ಎಳೆಗಳಲ್ಲಿ (ಥ್ರೆಡ್) ಏಕಕಾಲಕ್ಕೆ ಕೆಲಸ ಮಾಡುವ ಕೋಡ್ ಆಗಿದ್ದರೆ ಇನ್ನೊಂದು ಎಚ್ಚರ: ಮುಖ್ಯ ಎಳೆಯನ್ನು ಬಿಟ್ಟು ಬೇರೆ ಎಳೆಗಳಿಂದ ಆರ್‌ನ ಯಾವ ಸೌಲಭ್ಯವನ್ನೂ ಕರೆಯಬಾರದು, ಮುದ್ರಣವನ್ನೂ.

## ಸಿ ಬಾರದವರು ಏನು ಮಾಡಬಹುದು?

ಬಹಳಷ್ಟು ಮಾಡಬಹುದು. ಆರ್‌ನ ಆವೃತ್ತಿ ಬದಲಿಸಿದ ಮೇಲೆ ಕುಸಿತ ಶುರುವಾಗಿದ್ದರೆ, ಹಳೆಯ ಆವೃತ್ತಿಗಾಗಿ ಕಂಪೈಲ್ ಆದ ಪ್ಯಾಕೇಜುಗಳು ಉಳಿದುಕೊಂಡಿರಬಹುದು. ಅವನ್ನು ಹೊಸದಾಗಿ ಹಾಕಿಕೊಳ್ಳುವುದು ಮೊದಲ ಪರೀಕ್ಷೆ, ಎಷ್ಟೋ ಸಲ ಅದೇ ಕೊನೆಯದೂ ಆಗುತ್ತದೆ. ಅದಾದ ಮೇಲೂ ಕುಸಿದರೆ ಪ್ಯಾಕೇಜಿನ ನಿರ್ವಾಹಕರಿಗೆ ಬರೆಯಿರಿ. ಅವರಿಗೆ ಬೇಕಾದದ್ದು ನಿಮ್ಮ ಪೂರ್ತಿ ವಿಶ್ಲೇಷಣೆಯಲ್ಲ: ಕುಸಿತ ತರುವ ಆ ಚಿಕ್ಕ ಕೋಡ್, 'ಸೆಷನ್ ಇನ್ಫೋ' ಕೊಡುವ ಆವೃತ್ತಿಗಳ ಪಟ್ಟಿ, ಕುಸಿದಾಗ ಬಂದ ಕರೆಗಳ ಪಟ್ಟಿ. ಜಿಸಿ ಟಾರ್ಚರ್ ಬಳಸಲು ಸಿ ತಿಳಿದಿರಬೇಕಿಲ್ಲ. 'ಅದನ್ನು ಹಚ್ಚಿದರೆ ಪ್ರತಿ ಸಲವೂ ಕುಸಿಯುತ್ತದೆ' ಎಂಬ ಒಂದು ವಾಕ್ಯ ನಿಮ್ಮ ಪತ್ರದಲ್ಲಿದ್ದರೆ, ನಿರ್ವಾಹಕರಿಗೆ ಎಲ್ಲಿ ನೋಡಬೇಕೆಂದು ತಿಳಿದುಹೋಗುತ್ತದೆ.

ಕೋಡನ್ನು ನೀವೇ ತಿದ್ದುವವರಾದರೆ, ತಿದ್ದಿದ ಮೇಲೆ ಕುಸಿತ ನಿಂತಿತು ಎಂದಷ್ಟಕ್ಕೆ ತೃಪ್ತರಾಗಬೇಡಿ. ಕೋಡಿನ ಒಂದು ಸಾಲು ಸೇರಿಸಿದ್ದರಿಂದ ಮೆಮೊರಿಯ ಜೋಡಣೆ ಬದಲಾಗಿ ದೋಷ ಪಕ್ಕಕ್ಕೆ ಸರಿದು ಅಡಗಿರಬಹುದು. ದೋಷವನ್ನು ತೋರಿಸಿದ ಅದೇ ಉಪಕರಣ ಈಗ ಮೌನವಾಗಿದೆಯೇ ಎಂದು ನೋಡಿ. ಆಮೇಲೆ ಆ ಫಂಕ್ಷನ್ನಿಗೆ ಹದಿನಾರು ಸಂಖ್ಯೆಗಳ ಸಾಲು, ಹದಿನೇಳರ ಸಾಲು, ಎನ್‌ಎ ಇರುವ ಸಾಲು ಕೊಟ್ಟು ಓಡಿಸಿ. ಒಂದೂ ಸಂಖ್ಯೆಯಿಲ್ಲದ ಖಾಲಿ ಸಾಲನ್ನೂ ಕೊಡಿ, 'ಮೊದಲ ಸಂಖ್ಯೆ ಇದ್ದೇ ಇರುತ್ತದೆ' ಎಂದು ನಂಬಿ ಬರೆದ ಕೋಡ್ ಎಡವುವುದು ಅಲ್ಲೇ.